ಪತ್ತನಾಜೆಗೆ ಗೆಜ್ಜೆ ಕಟ್ಟುವ ಜೆಸಿಬಿ

ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಮೇ 24ಕ್ಕೋ 25ಕ್ಕೋ ಬರುತ್ತದೆ. ಅಂದು ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ. ಭೂತಾರಾಧನೆಯ ಕೋಲ, ನೇಮ ನಿಲ್ಲುತ್ತವೆ. ಅಂಗಳದ ಸೌದೆ ಕೊಟ್ಟಿಗೆ ಸೇರುತ್ತದೆ. ಇನ್ನು ಮಳೆ ಬಂತೆಂದೇ ಲೆಕ್ಕ. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ್ದು ಜೆಸಿಬಿಗೆ ಮಾತ್ರ. ಅದು ಗೆಜ್ಜೆ ಕಟ್ಟುವುದೇ ಅವತ್ತು.

ಈ ಸಲ ಅದರ ರಂಗಪ್ರವೇಶ ಆದದ್ದು ಉಡುಪಿಯ ನಮ್ಮ ಅಡ್ಡರಸ್ತೆಗೆ. ಏಪ್ರಿಲ್ ಕೊನೆಗಷ್ಟೇ ಇಲ್ಲಿಗೆ ಕಾಂಕ್ರೀಟ್ ಬಿದ್ದಿತ್ತು. ಮೇಲೆ ಗೋಣಿ ಹಾಸಿದ್ದರು. ಕಡಿಮೆ ಅಂದರೂ ಏಳು ದಿನ ಒದ್ದೆ ಇಡಬೇಕು ಅಂತ ನಿಯಮ. ಊರಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ ನೀರು ಇಳಿಯುವ ಕಾಲ ಅದು, ಟ್ಯಾಂಕರ್ ಎಲ್ಲಿಂದ ಬರಬೇಕು? ನಾಲ್ಕನೇ ದಿನಕ್ಕೆ ಗೋಣಿ ಒಣಗಿ ಹಪ್ಪಳ. ಕಾಂಕ್ರೀಟ್ ಹಸಿ ಇದ್ದಾಗಲೇ ನಾಯಿಯೊಂದು ಈ ತುದಿಯಿಂದ ಆ ತುದಿವರೆಗೆ ಹೆಜ್ಜೆಗುರುತು ಬಿಟ್ಟು ಹೋಗಿತ್ತು. ನಿಜ ಹೇಳಬೇಕಂದ್ರೆ, ಆ ರಸ್ತೆಯಲ್ಲಿ ಸಾಲು ತಪ್ಪದೆ ನಡೆದ ಕೆಲಸ ಅದೊಂದೇ.

ಕಾಂಕ್ರೀಟಿನ ಬಲ ಅಳೆಯುವುದು 28ನೇ ದಿನಕ್ಕೆ. ನಮ್ಮ ರಸ್ತೆಯದ್ದನ್ನು ಅಳೆಯಲು ಜೆಸಿಬಿಯ ಜೊತೆ ಬ್ರೇಕರ್ ಯಂತ್ರವೇ ಬಂತು.

“ಎಂತ ಮಾರಾಯ್ರೆ, ಇದು ಮೊನ್ನೆ ಮೊನ್ನೆ ಹಾಕಿದ್ದಲ್ವಾ?” ಅಂತ ಮೇಸ್ತ್ರಿಯನ್ನು ಕೇಳಿದೆ.

“ಒಳಚರಂಡಿ ಪೈಪ್ ಬಾಕಿ ಉಂಟು ಸಾರ್. ಅದು ಬೇರೆ ಟೆಂಡರ್.”

“ಮೊದಲು ಪೈಪ್, ಆಮೇಲೆ ರಸ್ತೆ ಅಲ್ವಾ?”

“ಹೌದು ಸಾರ್. ಆದರೆ ರಸ್ತೆಯದ್ದು ಬಿಲ್ ಮೊದಲು ಪಾಸಾಯ್ತು.”

ಕಟ್ಟಡದ ಕೆಲಸದಲ್ಲಿ ತಪ್ಪು ತಪ್ಪಿಸುವುದು ಹೇಗೆ ಅಂತ ದಪ್ಪ ದಪ್ಪ ಪುಸ್ತಕ ಬರೆಯುತ್ತಾರೆ. ಜಾಗ ಕೈಗೆ ಸಿಕ್ಕಿದ ಮೇಲೆ ಗುದ್ದಲಿ ಹಾಕು, ಕಂಬ, ಪೈಪು ಮೊದಲು ಸರಿಸು, ಮಳೆಗಾಲ ಬಿಟ್ಟು ಲೆಕ್ಕ ಹಾಕು ಅಂತೆಲ್ಲ. ಇಷ್ಟೆಲ್ಲ ಕಷ್ಟ ಯಾಕೆ? ನಮ್ಮಲ್ಲಿ ಸುಲಭದ ದಾರಿ ಉಂಟು. ತಪ್ಪು ಯಾರದ್ದು ಅಂತಲೇ ಗೊತ್ತಾಗದಿದ್ದರೆ ತಪ್ಪೇ ಆಗಲಿಲ್ಲ. ರಸ್ತೆ ಒಬ್ಬರದ್ದು, ಪೈಪು ಇನ್ನೊಬ್ಬರದ್ದು, ಕಂಬ ಮತ್ತೊಬ್ಬರದ್ದು. ಟೆಂಡರ್ ಹಿಡಿದವರು ಒಬ್ಬರು, ಅವರಿಂದ ಕೆಲಸ ವಹಿಸಿಕೊಂಡವರು ಬೇರೆ. ಕೊನೆಗೆ ಸಿಕ್ಕುವುದು ಛತ್ರಿ ಹಿಡಿದು ನಿಂತ ಮೇಸ್ತ್ರಿ. ಅವನಿಗೆ ಬಯ್ದರೆ ನಮಗೇ ಪಾಪ.

ಇನ್ನು ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೂ ಕಾಮಗಾರಿ ವಿಳಂಬಕ್ಕೆ ಕಾರಣ ಕೇಳಿದರೆ ಪ್ರತಿ ವರ್ಷವೂ ಒಂದೇ ಉತ್ತರ: ‘ಅನಿರೀಕ್ಷಿತ ಮಳೆ’. ಅಳಿಯ ಪ್ರತಿ ದೀಪಾವಳಿಗೂ ಬರುತ್ತಾನೆ. ಅತ್ತೆ ಪ್ರತಿ ಸಲವೂ ಬಾಗಿಲಲ್ಲಿ ನಿಂತು “ಅಯ್ಯೋ, ನೀವು ಬರ್ತೀರಂತ ಗೊತ್ತೇ ಇರಲಿಲ್ಲ” ಅಂದರೆ ಹೇಗಿರಬೇಡ?

ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ನೆನಪಿರಬೇಕು. 2010ರಲ್ಲಿ ಕೆಲಸ ಶುರು, 2020ರ ಜನವರಿ 31ಕ್ಕೆ ಉದ್ಘಾಟನೆ. ಅದೇ ಮಂಗಳೂರಿನ ಹತ್ತಿರದ ತೋಕೂರಿನಿಂದ ರೋಹಾದವರೆಗಿನ ಕೊಂಕಣ ರೈಲು ಮಾರ್ಗ 1990ರಲ್ಲಿ ಶುರುವಾಗಿ 1998ರ ಜನವರಿ 26ಕ್ಕೆ ಪೂರ್ತಿ ತೆರೆದುಕೊಂಡಿತ್ತು. 700 ಕಿಲೋಮೀಟರಿಗೂ ಉದ್ದ, 90 ದಾಟಿದ ಸುರಂಗ, ಸಾವಿರಗಟ್ಟಲೆ ಸೇತುವೆ. ಪಾಪ, ಅವರಿಗೆ ನಿಧಾನ ಮಾಡುವ ವಿದ್ಯೆ ಯಾರೂ ಕಲಿಸಿರಲಿಲ್ಲ. ನಮ್ಮ ಉಡುಪಿಯ ಇಂದ್ರಾಳಿ ರೈಲ್ವೆ ಸೇತುವೆಗೆ ಕಾದು ಕಾದು, ಹೊಂಡಕ್ಕಿಳಿದು ಹತ್ತಿ ಮಣಿಪಾಲಕ್ಕೆ ಹೋಗಿ ಬಂದವರ ಸೊಂಟಕ್ಕೆ ಆ ವಿದ್ಯೆಯ ಪರಿಚಯ ಚೆನ್ನಾಗಿ ಉಂಟು.

ಹಾಗಂತ ನಮ್ಮೂರಿಗೆ ಯೋಜನೆ ಹಾಕಲು ಬರುವುದಿಲ್ಲ ಅನ್ನಬೇಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವ. ಅದಕ್ಕೆ ವರ್ಷ ಮೊದಲೇ ಬಾಳೆ ಮುಹೂರ್ತ. ಊಟಕ್ಕೆ ಎಲೆ ಬೇಕಲ್ಲ, ಗಿಡ ಈಗಲೇ ನೆಡಬೇಕು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಸೌದೆಯನ್ನು ರಥದ ಹಾಗೆ ಒಟ್ಟಿ ಇಡುತ್ತಾರೆ. ದಿನ ತಪ್ಪುವುದಿಲ್ಲ, ಗಂಟೆಯೂ ತಪ್ಪುವುದಿಲ್ಲ. ನಮ್ಮ ರಸ್ತೆಯವರಿಗೆ ಇದನ್ನು ವಹಿಸಿದ್ದರೆ ಜನರನ್ನು ಪಂಕ್ತಿಯಲ್ಲಿ ಕೂರಿಸಿ, ಅನ್ನ ಬಡಿಸಿ, ಆಮೇಲೆ ಬಾಳೆ ಕಂದು ನೆಡಲು ಅವರ ಕಾಲಡಿಯ ನೆಲ ಅಗೆಯುತ್ತಿದ್ದರು.

ನಮ್ಮ ಪಕ್ಕದ ಮನೆಯ ಅಜ್ಜಿ ಮಾತ್ರ ಗಲಾಟೆ ಮಾಡಲಿಲ್ಲ. ಗೇಟಿನ ಎದುರು ರಾಶಿ ಬಿದ್ದ ಕೆಂಪು ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದರು. ಜೀಪಿನಲ್ಲಿ ಬಂದ ಎಂಜಿನಿಯರನ್ನು ಕರೆದರು.

“ಮಗಾ, ಈ ಮಣ್ಣು ಎಷ್ಟು ದಿನ ಇಲ್ಲೇ ಉಂಟು?”

“ಹದಿನೈದು ದಿನ ಅಜ್ಜಿ. ಹೆಚ್ಚೆಂದರೆ.”

“ಆಯ್ತು ಮಗಾ” ಅಂದರು ಅಜ್ಜಿ. ಒಳಗೆ ಹೋದರು. ಹರಿವೆ ಬೀಜದ ಕರಡಿಗೆ ಕೈಗೆತ್ತಿಕೊಂಡವರು ಒಂದು ಕ್ಷಣ ಯೋಚಿಸಿ ಅದನ್ನು ಅಲ್ಲೇ ಇಟ್ಟರು. ಹೊರಗೆ ಬರುವಾಗ ಕೈಯಲ್ಲಿ ಇದ್ದದ್ದು ಸುವರ್ಣಗೆಡ್ಡೆಯ ಹೋಳು. ನೆಟ್ಟ ಮೇಲೆ ಅಗೆಯಲು ಎಂಟು ಒಂಬತ್ತು ತಿಂಗಳು ಬೇಕು.

ಮೊನ್ನೆ ಮೊಳಕೆ ಬಂತು. ಜೆಸಿಬಿ ಡ್ರೈವರೂ ಈಗ ಅದನ್ನು ತಪ್ಪಿಸಿಯೇ ತಿರುಗಿಸುತ್ತಾನೆ.