ನಂಬಿಕೆ ಕಮ್ಮಿ ಬಿತ್ತಾ ಎಂದು ಕೇಳುವವರಿಗೆ

ಕ್ರಿಸ್ಮಸ್ ಆರಾಧನೆಯಲ್ಲಿ ಮತ್ತಾಯನ ಸುವಾರ್ತೆ ಓದುವಾಗ ಬಹಳ ಕಡೆ ಒಂದನೇ ಅಧ್ಯಾಯದ 18ನೇ ವಚನದಿಂದ ಶುರು ಮಾಡುತ್ತಾರೆ. ಮೊದಲಿನ 17 ವಚನ ಹಾರಿಸಿಬಿಡುತ್ತಾರೆ. ಅಲ್ಲಿರುವುದು ಬರೀ ಹೆಸರು ತಾನೇ? ಅಬ್ರಹಾಮನಿಂದ ದಾವೀದನವರೆಗೆ 14 ತಲೆ, ದಾವೀದನಿಂದ ಬಾಬೆಲಿನ ಸೆರೆಯವರೆಗೆ 14, ಅಲ್ಲಿಂದ ಕ್ರಿಸ್ತನವರೆಗೆ 14. ಓದುವವರ ನಾಲಿಗೆ ತೊಡರುತ್ತದೆ, ಮಕ್ಕಳು ಆಕಳಿಸುತ್ತಾರೆ.

ಆದರೆ ಆ ಹೆಸರುಗಳನ್ನು ಬಿಟ್ಟರೆ ಕ್ರಿಸ್ಮಸ್ ಎಲ್ಲಿಂದಲೋ ದಿಢೀರ್ ಅಂತ ಬಂದ ಹಬ್ಬದ ಹಾಗೆ ಕಾಣುತ್ತದೆ. ಒಂದು ರಾತ್ರಿ, ಒಂದು ಗೋದಲಿ, ಒಂದು ಮಗು, ಅಷ್ಟೇ. ಮತ್ತಾಯ ಹಾಗೆ ಹೇಳುವುದಿಲ್ಲ. ದೇವರು ಬಹಳ ಹಿಂದೆ ಅಬ್ರಹಾಮ ಎಂಬ ಮುದುಕನಿಗೆ ಮಾತು ಕೊಟ್ಟಿದ್ದರು, ಆ ಮಾತು ಈಗ ನಡೆಯಿತು ಎಂದು ಹೇಳುತ್ತಾನೆ. ಒಡಂಬಡಿಕೆ ಎಂದರೆ ಇದೇ. ಇದನ್ನು ನಮ್ಮ ಪ್ರಸಂಗಗಳಲ್ಲಿ ಸರಿಯಾಗಿ ಹೇಳದೆ ಇರುವುದರಿಂದ ಎಷ್ಟು ಜನ ನೋಯುತ್ತಿದ್ದಾರೆ ಎಂದು ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಕೆಲವು ವರ್ಷದ ಹಿಂದೆ ಕ್ಯಾರಲ್ಸ್ ತಂಡದ ಜೊತೆ ಒಂದು ಮನೆಗೆ ಹೋಗಿದ್ದೆವು. ಆ ವರ್ಷ ಆ ಮನೆಯ ಯಜಮಾನರು ತೀರಿಕೊಂಡಿದ್ದರು. ಬಾಗಿಲಿಗೆ ನಕ್ಷತ್ರ ಕಟ್ಟಿರಲಿಲ್ಲ. ರೋಸ್ ಕುಕ್ಕಿಯೂ ಮಾಡಿರಲಿಲ್ಲ. ಆದರೂ ಆಂಟಿ ನಮಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ ತಂದುಕೊಟ್ಟರು. ಹಾಡು ಮುಗಿದು ಹುಡುಗರು ಗಿಟಾರ್ ಎತ್ತಿಕೊಂಡು ಹೊರಗೆ ಹೋದ ಮೇಲೆ ನನ್ನ ಕೈ ಹಿಡಿದು ಕೇಳಿದರು: "ನನ್ನ ನಂಬಿಕೆ ಕಮ್ಮಿ ಬಿತ್ತಾ ಮಗಾ?" ಡಯಾಲಿಸಿಸ್ ನಡೆಯುತ್ತಿದ್ದ ಕಾಲದಲ್ಲಿ ಪ್ರಾರ್ಥನೆ ಮಾಡಲು ಬರುತ್ತಿದ್ದವರೊಬ್ಬರು, ಅಂಕಲ್ ಹೋದ ಮೇಲೆ ಹೇಳಿದ್ದರಂತೆ, "ನೀವು ಪೂರ್ತಿ ನಂಬಿದ್ದರೆ ಗುಣವಾಗುತ್ತಿತ್ತು" ಅಂತ.

ಒಬ್ಬ ವಿಧವೆಯ ತಲೆ ಮೇಲೆ ಗಂಡನ ಸಾವಿನ ಹೊರೆ ಹೊರಿಸುವ ಇಂಥ ಮಾತು ಬೈಬಲಿನದಲ್ಲ. ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಆದಿಕಾಂಡದ 15ನೇ ಅಧ್ಯಾಯ ತೆಗೆಯಿರಿ. ಅಬ್ರಾಮನಿಗೆ (ಅಬ್ರಹಾಮನಿಗೆ ಆಗ ಇದ್ದ ಹೆಸರು ಇದು) ಮಕ್ಕಳಿಲ್ಲ. ದೇವರು ಅವನನ್ನು ಹೊರಗೆ ಕರೆದುಕೊಂಡು ಬಂದು ನಕ್ಷತ್ರ ತೋರಿಸಿ, ಎಣಿಸಲು ಆಗುತ್ತದಾ ನೋಡು, ನಿನ್ನ ಸಂತಾನ ಅಷ್ಟಾಗುತ್ತದೆ ಎನ್ನುತ್ತಾರೆ. ಅಬ್ರಾಮ ನಂಬಿದ. ಆ ನಂಬಿಕೆಯನ್ನೇ ದೇವರು ನೀತಿ ಎಂದು ಎಣಿಸಿದರು. ಆದರೆ ಮುಂದಿನ ಎರಡೇ ವಚನದಲ್ಲಿ ಅದೇ ಅಬ್ರಾಮ, ಈ ದೇಶ ನನಗೆ ಸಿಗುತ್ತದೆ ಅಂತ ತಿಳಿಯುವುದು ಹೇಗೆ ಎಂದು ಕೇಳುತ್ತಾನೆ. ದೇವರು ಬಯ್ಯಲಿಲ್ಲ. ಕಡಸು, ಆಡು, ಟಗರು, ಎರಡು ಹಕ್ಕಿ ತರಲು ಹೇಳಿದರು. ಹಕ್ಕಿಗಳನ್ನು ಬಿಟ್ಟು ಉಳಿದವನ್ನು ಅಬ್ರಾಮ ಎರಡು ಹೋಳು ಮಾಡಿ ಎದುರುಬದುರು ಇಟ್ಟ. ಹದ್ದುಗಳು ಎರಗಿದಾಗ ಓಡಿಸುತ್ತಾ ಕೂತ.

ಹೀಗೆ ಹೋಳುಗಳ ನಡುವೆ ನಡೆದು ಪ್ರಮಾಣ ಮಾಡುವುದು ಆ ಜನರ ಕ್ರಮ. ಮಾತಿಗೆ ತಪ್ಪಿದರೆ ನನಗೂ ಈ ಪ್ರಾಣಿಯ ಗತಿ ಬರಲಿ ಎಂದು ಅದರ ಅರ್ಥ. ಪ್ರವಾದಿ ಯೆರೆಮೀಯನ ಪುಸ್ತಕದ 34ನೇ ಅಧ್ಯಾಯದಲ್ಲಿ, ಕರುವಿನ ಹೋಳುಗಳ ನಡುವೆ ಹಾದುಹೋಗಿ ಆಮೇಲೆ ಮಾತು ಮುರಿದವರ ಮೇಲೆ ದೇವರು ಸಿಟ್ಟಾಗುವುದು ಇದಕ್ಕೇ.

ಈಗ ನೋಡಿ. ಅಬ್ರಾಮನೂ ನಡೆಯಬೇಕಿತ್ತು ಅಲ್ವಾ? ಅವನು ನಡೆಯಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಅವನಿಗೆ ಗಾಢ ನಿದ್ದೆ ಹತ್ತಿತ್ತು. ಕತ್ತಲಾದ ಮೇಲೆ ಹೊಗೆಯಾಡುವ ಒಲೆ, ಉರಿಯುವ ಪಂಜು ಇವೆರಡೇ ಆ ಹೋಳುಗಳ ನಡುವೆ ದಾಟಿಹೋದವು. ಅಂದರೆ ದೇವರೊಬ್ಬರೇ ನಡೆದರು. ಮಾತು ತಪ್ಪಿದರೆ ಬರುವ ಶಾಪವನ್ನು ತಮ್ಮ ಮೇಲೆ ತಾವೇ ಹಾಕಿಕೊಂಡರು. ಮನುಷ್ಯ ಮಲಗಿದ್ದ.

ಮುಂದೆ ಮೋಶೆಯ ಕಾಲದಲ್ಲಿ, ಸಿನಾಯಿ ಬೆಟ್ಟದಲ್ಲಿ ಅಬ್ರಹಾಮನ ಸಂತಾನದ ಜನ ತಾವೂ ಮಾತು ಕೊಟ್ಟರು, ಯೆಹೋವ ಹೇಳಿದ್ದನ್ನೆಲ್ಲಾ ಮಾಡುತ್ತೇವೆ ಎಂದರು. ಮಾಡಲಿಲ್ಲ. ಆದರೆ ಅಪೊಸ್ತಲ ಪೌಲ ಗಲಾತ್ಯದ ಸಭೆಗಳಿಗೆ ಪತ್ರ ಬರೆಯುವಾಗ ಒಂದು ಲೆಕ್ಕ ಕೊಡುತ್ತಾನೆ. ಸಿನಾಯಿಯಲ್ಲಿ ಕೊಟ್ಟ ಧರ್ಮಶಾಸ್ತ್ರ ಬಂದದ್ದು ಅಬ್ರಹಾಮನಿಗೆ ಮಾತು ಕೊಟ್ಟು 430 ವರ್ಷ ಆದ ಮೇಲೆ. ಆಮೇಲೆ ಬಂದದ್ದು ಮೊದಲು ಕೊಟ್ಟ ಮಾತನ್ನು ಅಳಿಸಲಾರದು. ಯೆರೂಸಲೇಮ್ ಬಾಬೆಲಿನವರ ಕೈಗೆ ಬೀಳುವ ಕಾಲದಲ್ಲೇ ಯೆರೆಮೀಯ ಹೊಸ ಒಡಂಬಡಿಕೆಯ ಸುದ್ದಿ ಹೇಳುತ್ತಾನೆ. ಎಲ್ಲ ಹಾಳಾಗುತ್ತಿರುವಾಗ ಹೇಳಿದ ಮಾತು ಅದು. ಜನ ಚೆನ್ನಾಗಿ ನಡೆದುಕೊಂಡದ್ದಕ್ಕೆ ಕೊಟ್ಟ ಬಹುಮಾನ ಅಲ್ಲ.

ಇದೆಲ್ಲಾ ಕ್ರಿಸ್ಮಸ್‌ಗೆ ಯಾಕೆ ಎಂದು ಕೇಳುವವರು ಲೂಕನ ಒಂದನೇ ಅಧ್ಯಾಯ ಓದಬೇಕು. ಕುರುಬರಿಗೆ ದೂತರು ಕಾಣಿಸುವ ಮೊದಲು ಅಲ್ಲಿ ಬರುವುದು ಜಕರೀಯ ಎಂಬ ಮುದಿ ಯಾಜಕ. ನಿನಗೆ ಮಗ ಹುಟ್ಟುತ್ತಾನೆ ಎಂದು ದೇವದೂತ ಗಬ್ರಿಯೇಲ ಹೇಳಿದರೆ ಇವನು ನಂಬಲಿಲ್ಲ. ದೇವಾಲಯದ ಒಳಗೆ, ಧೂಪದ ವೇದಿಕೆಯ ಪಕ್ಕದಲ್ಲಿ ನಿಂತು ನಂಬಲಿಲ್ಲ! ಮಾತು ಬಿದ್ದುಹೋಯಿತು. ಆದರೆ ಮಗು ಹುಟ್ಟುವುದು ನಿಂತಿತಾ? ಇಲ್ಲ. ಅವನ ಅಪನಂಬಿಕೆ ದೇವರ ಕೈ ಕಟ್ಟಿಹಾಕಲಿಲ್ಲ. ಎಂಟನೇ ದಿನ ಹಲಗೆಯ ಮೇಲೆ ಮಗುವಿನ ಹೆಸರು ಯೋಹಾನ ಎಂದು ಬರೆದ ಕೂಡಲೇ ನಾಲಿಗೆ ಸಡಿಲವಾಯಿತು. ತಿಂಗಳುಗಟ್ಟಲೆ ಮೂಕನಾಗಿದ್ದ ಮನುಷ್ಯ ಆಗ ಹಾಡಿದ್ದು ಏನು? ದೇವರು ತಮ್ಮ ಪರಿಶುದ್ಧ ಒಡಂಬಡಿಕೆಯನ್ನೂ ನಮ್ಮ ಮೂಲಪುರುಷ ಅಬ್ರಹಾಮನಿಗೆ ಮಾಡಿದ ಪ್ರಮಾಣವನ್ನೂ ನೆನಪಿಸಿಕೊಂಡರು ಎಂದು. ಅದೇ ಅಧ್ಯಾಯದಲ್ಲಿ ಮರಿಯಳ ಹಾಡು ಮುಗಿಯುವುದೂ ಅಬ್ರಹಾಮನ ಹೆಸರಿನಲ್ಲೇ.

ಲೂಕನ ಸುವಾರ್ತೆಯಲ್ಲಿ ಒಡಂಬಡಿಕೆಯ ಪ್ರಸ್ತಾಪ ಬರುವುದು ಎರಡೇ ಕಡೆ. ಒಂದು ಈ ಹಾಡಿನಲ್ಲಿ. ಇನ್ನೊಂದು 22ನೇ ಅಧ್ಯಾಯದಲ್ಲಿ, ಕಡೆಯ ರಾತ್ರಿ ಯೇಸುಸ್ವಾಮಿ ಪಾತ್ರೆ ಎತ್ತಿ, ಇದು ನನ್ನ ರಕ್ತದಿಂದಾಗುವ ಹೊಸ ಒಡಂಬಡಿಕೆ ಎಂದಾಗ. ಅಬ್ರಾಮ ಮಲಗಿದ್ದ ರಾತ್ರಿ ದೇವರು ತಮ್ಮ ಮೇಲೆ ಹಾಕಿಕೊಂಡದ್ದನ್ನು ಯೇಸು ಶಿಲುಬೆಯಲ್ಲಿ ಹೊತ್ತರು, ಮಾತು ಮುರಿದದ್ದು ನಾವಾದರೂ. ಆ ರಾತ್ರಿಯ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವನ್ನು ಕ್ರಿಸ್ಮಸ್ ಬೆಳಿಗ್ಗೆ ನಡೆಸುವ ಸಭೆಗಳನ್ನು (ಚರ್ಚುಗಳನ್ನು) ಕಂಡರೆ ನನಗೆ ಖುಷಿ. ಗೋದಲಿಯಿಂದ ಆ ಮೇಜಿನವರೆಗಿನ ಕಥೆ ಒಂದೇ.

ಹಾಗಾದರೆ ನಂಬಿಕೆಗೆ ಬೆಲೆ ಇಲ್ಲವೇ? ಇದೆ, ತುಂಬಾ ಇದೆ. ಆದರೆ ನಮ್ಮನ್ನು ರಕ್ಷಿಸುವುದು ನಂಬಿಕೆಯ ಗಾತ್ರ ಅಲ್ಲ, ನಾವು ಯಾರನ್ನು ನಂಬಿದ್ದೇವೋ ಅವರು. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಒಬ್ಬ ಗೊರಕೆ ಹೊಡೆಯುತ್ತಿರುತ್ತಾನೆ, ಇನ್ನೊಬ್ಬ ಪ್ರತಿ ತಿರುವಿನಲ್ಲೂ ಮುಂದಿನ ಕಂಬಿ ಬಿಗಿಯಾಗಿ ಹಿಡಿದಿರುತ್ತಾನೆ. ಇಬ್ಬರೂ ಉಜಿರೆ ಸೇರುತ್ತಾರೆ. ಹೆದರಿದವನು ಬಸ್ಸು ಹತ್ತಿದ್ದ, ಅದು ಸಾಕು. ಅಬ್ರಹಾಮನೂ ಹಾಗೇ. ನಂಬಿದ ಮೇಲೂ ಮಗು ಬೇಕೆಂದು ಹೆಂಡತಿಯ ದಾಸಿ ಹಾಗರಳನ್ನು ಕೂಡಿಕೊಂಡ, ನೂರು ವರ್ಷದವನಿಗೆ ಮಗುವಾಗುತ್ತದಾ ಎಂದು ನಕ್ಕ. ಅವನನ್ನೇ ಪೌಲ ನಂಬುವವರೆಲ್ಲರಿಗೂ ತಂದೆ ಎನ್ನುವುದು.

ಆ ಆಂಟಿಗೆ ನಾನು ಇದನ್ನೇ ಹೇಳಿದೆ. ಅಂಕಲ್ ಗುಣವಾಗದಿದ್ದದ್ದು ಯಾಕೆ ಎಂಬುದಕ್ಕೆ ನನ್ನಲ್ಲಿ ಉತ್ತರ ಇಲ್ಲ, ಆದರೆ ನಿಮ್ಮ ನಂಬಿಕೆಯನ್ನು ತೂಕ ಹಾಕಿ ದೇವರು ಕೈಬಿಟ್ಟರು ಎಂಬುದು ಸುಳ್ಳು ಅಂತ.

ಕೃಪೆಯಿಂದಲೇ ರಕ್ಷಣೆ ಎಂದರೆ ಜನ ಸೋಮಾರಿಗಳಾಗುತ್ತಾರೆ, ಹೇಗೆ ಬೇಕಾದರೂ ಬದುಕುತ್ತಾರೆ ಎಂದು ಕೆಲವರಿಗೆ ಭಯ. ಅವರಿಗೆ ಜನರಿಗೆ ಮೋಸ ಮಾಡುತ್ತಿದ್ದ ಸುಂಕದವನಾದ ಜಕ್ಕಾಯನನ್ನು ತೋರಿಸಬೇಕು. ಯೇಸು ಅವನ ಮನೆಗೆ ತಾವಾಗಿಯೇ ಬರುತ್ತೇನೆ ಎಂದರು. ಅವನು ಮೊದಲು ಲೆಕ್ಕ ಚುಕ್ತಾ ಮಾಡಲಿ, ಆಮೇಲೆ ಬರುತ್ತೇನೆ ಅನ್ನಲಿಲ್ಲ. ಅವರು ಬಂದ ಮೇಲೆ ಅವನೇ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದ. ಈ ಮನೆಗೆ ಈ ದಿನ ರಕ್ಷಣೆಯಾಯಿತು, ಇವನೂ ಅಬ್ರಹಾಮನ ಮಗನೇ ಎಂದರು ಯೇಸು. ಇಲ್ಲೂ ಅಬ್ರಹಾಮ! ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬ ಬರೆದದ್ದಕ್ಕೂ ಇದಕ್ಕೂ ಜಗಳ ಇಲ್ಲ.

ಇದರ ಬಗ್ಗೆ ಸಭೆಗಳೇ ಶತಮಾನಗಟ್ಟಲೆ ಜಗಳವಾಡಿದವು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟಂಟರಾದ ಲೂಥರನ್ನರೂ ಕೂಡಿ ಒಂದು ಹೇಳಿಕೆಗೆ ಸಹಿ ಹಾಕಿದರು. ನಮ್ಮಲ್ಲಿರುವ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಅಂಗೀಕರಿಸುತ್ತಾರೆ, ಆ ಕೃಪೆಯೇ ಒಳ್ಳೆಯ ಕೆಲಸಕ್ಕೆ ಕರೆಯುತ್ತದೆ ಎಂದು ಇಬ್ಬರೂ ಒಪ್ಪಿದರು. 2006ರಲ್ಲಿ ಇನ್ನೊಂದು ಪ್ರೊಟೆಸ್ಟಂಟ್ ಪಂಗಡವಾದ ಮೆಥಡಿಸ್ಟರೂ ಸೇರಿಕೊಂಡರು. ಎಲ್ಲ ಭೇದವೂ ಮುಗಿಯಿತು ಅಂತಲ್ಲ. ಆದರೆ ನಮ್ಮ ಊರುಗಳಲ್ಲಿ ಆ ಸಭೆಯವರು, ಈ ಸಭೆಯವರು ಎಂದು ಬಾಯಿ ಜೋರು ಮಾಡುವವರಿಗೆ ಈ ವಿಷಯ ತಿಳಿದಿರಲಿ.

ಇನ್ನೊಂದು ಮಾತು. ಇದನ್ನೆಲ್ಲ ಹೇಳುವಾಗ ಯೆಹೂದ್ಯರನ್ನು ದೇವರು ಕೈಬಿಟ್ಟರು, ಅವರ ಜಾಗ ನಮ್ಮದಾಯಿತು ಎಂದು ಪ್ರಸಂಗ ಮಾಡುವವರಿದ್ದಾರೆ. ಅದು ತಪ್ಪು. ನಾವು ಕಸಿ ಮಾಡಿದ ಕಾಡು ಕೊಂಬೆ, ಬೇರು ನಮ್ಮದಲ್ಲ, ದೇವರು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಪೌಲ ರೋಮಾಪುರದವರಿಗೆ ಸ್ಪಷ್ಟವಾಗಿ ಬರೆದಿದ್ದಾನೆ. ದೇವರು ಅವರಿಗೆ ಕೊಟ್ಟ ಮಾತು ಮುರಿಯುವವರಾಗಿದ್ದರೆ ನಮಗೆ ಕೊಟ್ಟ ಮಾತಿಗೆ ಏನು ಗ್ಯಾರಂಟಿ?

ಡಿಸೆಂಬರ್ 25 ಆದ ಎಂಟನೇ ದಿನ ಜನವರಿ 1. ನಮಗೆ ಅದು ಹೊಸ ವರ್ಷದ ಆರಾಧನೆ, ಕೇಕು, ವಾಗ್ದಾನದ ವಚನದ ಚೀಟಿ. ಸಭೆಯ ಹಳೆಯ ಕ್ಯಾಲೆಂಡರಿನಲ್ಲಿ ಅದು ಯೇಸುವಿಗೆ ಸುನ್ನತಿ ಮಾಡಿ ಹೆಸರಿಟ್ಟ ದಿನ. ಅಬ್ರಹಾಮನ ಒಡಂಬಡಿಕೆಯ ಗುರುತನ್ನು ಆ ಮಗುವೂ ತನ್ನ ಮೈಮೇಲೆ ಪಡೆಯಿತು. ಆಮೇಲೆ ತಾಯಿಯ ಶುದ್ಧೀಕರಣದ ದಿನ ಬಂದಾಗ ಮರಿಯಳೂ ಯೋಸೇಫನೂ ಮಗುವನ್ನು ಎತ್ತಿಕೊಂಡು ಯೆರೂಸಲೇಮಿಗೆ ಹೋದರು. ಕುರಿಮರಿ ಕೊಡುವುದು ಕ್ರಮ. ಅಷ್ಟು ಅನುಕೂಲ ಇಲ್ಲದವರು ಎರಡು ಹಕ್ಕಿ ಕೊಡಬಹುದು ಎಂದು ಯಾಜಕಕಾಂಡದ 12ನೇ ಅಧ್ಯಾಯದಲ್ಲಿದೆ. ಇವರು ಕೊಟ್ಟದ್ದು ಹಕ್ಕಿ. ಲೋಕದ ರಕ್ಷಕನನ್ನೇ ತೋಳಲ್ಲಿ ಹಿಡಿದು ನಿಂತಿದ್ದ ಕುಟುಂಬ ಅದು. ಅವರ ಕೈಯಲ್ಲಿ ಒಂದು ಕುರಿಮರಿಗೂ ದುಡ್ಡಿರಲಿಲ್ಲ.

ಕ್ರಿಸ್ಮಸ್ ಕಾಣಿಕೆ ಜಾಸ್ತಿ ಹಾಕಿದರೆ ಹೊಸ ವರ್ಷದಲ್ಲಿ ಆಶೀರ್ವಾದ ಜಾಸ್ತಿ, ಕಮ್ಮಿ ಹಾಕಿದರೆ ನಂಬಿಕೆ ಕಮ್ಮಿ ಎಂದು ಯಾರಾದರೂ ನಿಮ್ಮ ಸಭೆಯಲ್ಲಿ ಹೇಳಿದರೆ ಸುಮ್ನೆ ಕೂರಬೇಡಿ. ಆ ಎರಡು ಹಕ್ಕಿಯ ಕಾಣಿಕೆ ಇರುವ ಲೂಕ 2ನೇ ಅಧ್ಯಾಯದ 24ನೇ ವಚನವನ್ನು ಎಲ್ಲರಿಗೂ ಕೇಳುವ ಹಾಗೆ ಓದಿ ಎಂದು ಅವರಿಗೆ ಹೇಳಿ.