ಕಾರ್ಯದರ್ಶಿ ಬೇಕಾಗಿದ್ದಾರೆ

ಉಡುಪಿಯ ನಮ್ಮ ಸಿವಿಲ್ ಇಂಜಿನಿಯರುಗಳ ಸಂಘದ ವಾರ್ಷಿಕ ಸಭೆಯಲ್ಲಿ "ಮುಂದಿನ ಕಾರ್ಯದರ್ಶಿ ಯಾರು?" ಎಂಬ ಪ್ರಶ್ನೆ ಬಂದ ಕೂಡಲೇ ಎಲ್ಲರಿಗೂ ಸೈಟಿನಿಂದ ಫೋನ್ ಬರುತ್ತದೆ. ಅಷ್ಟು ಹೊತ್ತು ಸರಿಯಿದ್ದ ಮಿಕ್ಸರ್ ಅದೇ ಗಳಿಗೆಗೆ ಕೆಟ್ಟು ನಿಲ್ಲುತ್ತದೆ. ಅಧ್ಯಕ್ಷರಾಗಲಿಕ್ಕೆ ಹೇಗಾದರೂ ಜನ ಸಿಗುತ್ತಾರೆ, ಅಲ್ಲಿ ಶಾಲು, ಹಾರ ಉಂಟು. ಕಾರ್ಯದರ್ಶಿಗಿರುವುದು ಹಾಲ್ ಬುಕ್ ಮಾಡುವುದು, ಮೈಕಿನವನನ್ನು ಹುಡುಕುವುದು, ನಡಾವಳಿ ಬರೆಯುವುದು, ಮತ್ತೆ ಬನ್ಸ್ ಎಷ್ಟು ತರಿಸಬೇಕೆಂಬ ಲೆಕ್ಕ. ಈ ಕೊನೆಯದರ ಮುಂದೆ ಬೀಮಿನ ಡಿಸೈನ್ ಏನೂ ಅಲ್ಲ. ವಾಟ್ಸ್ಆ್ಯಪಿನಲ್ಲಿ ಹೆಬ್ಬೆರಳು ಎತ್ತಿದವರನ್ನೆಲ್ಲ ನಂಬಿ ತರಿಸಿದರೆ ಮರುದಿನ ಅವನ ಮನೆಯಲ್ಲಿ ಬೆಳಿಗ್ಗೆಯೂ ಬನ್ಸ್, ಸಂಜೆಯೂ ಬನ್ಸ್.

ಹಾಗೆಂದು ಹುದ್ದೆಯನ್ನು ಖಾಲಿ ಬಿಡುವ ಹಾಗೂ ಇಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವಾರ್ಷಿಕ ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರರಿಗೆ ಹೋಗಬೇಕು. ಹಾಗಾಗಿ ಚಾ ಕುಡಿಯಲು ಹೊರಗೆ ಹೋದವರ ಹೆಸರೇ ಅವಿರೋಧವಾಗಿ ಆಯ್ಕೆಯಾಗುವುದು ವಾಡಿಕೆ.

ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಮುಂದೂಡಿ, ಆಮೇಲೆ ಇದ್ದವರಿಂದಲೇ ಸಭೆ ನಡೆಸಬಹುದೆಂದು ನಮ್ಮ ಬೈಲಾದಲ್ಲಿ ಬರೆದಿಟ್ಟ ಹಿರಿಯರು ಊರಿನ ಮಳೆಯನ್ನೂ ಜನರನ್ನೂ ಬಲ್ಲವರು. ನನ್ನನ್ನು ಕೇಳಿದರೆ ಆ ಅರ್ಧ ಗಂಟೆಗಾಗಿಯೇ ಸಂಘ ಇರಬೇಕು. ಮರಳಿನ ದರ, ಕೆಂಪುಕಲ್ಲು ಎಲ್ಲಿ ಸಿಗುತ್ತದೆ, ಯಾವ ಕಡತ ಯಾವ ಮೇಜಿನ ಮೇಲೆ ಮಲಗಿದೆ ಎಂಬುದೆಲ್ಲ ತಿಳಿಯುವುದು ಆಗಲೇ. ವಿಷಯಸೂಚಿ ಶುರುವಾದ ಮೇಲೆ ಯಾರೂ ಮಾತಾಡುವುದಿಲ್ಲ.

ವರ್ಷಕ್ಕೊಮ್ಮೆ ಹಾಲ್ ತುಂಬುವುದು ಸೆಪ್ಟೆಂಬರ್ 15ಕ್ಕೆ, ವಿಶ್ವೇಶ್ವರಯ್ಯನವರ ಹುಟ್ಟುಹಬ್ಬದ ಇಂಜಿನಿಯರುಗಳ ದಿನ. ಆದರೆ ಇದು ಉಡುಪಿ. ಇಲ್ಲಿ ಕೃಷ್ಣಾಷ್ಟಮಿ ಸೌರಮಾನದ ಸಿಂಹ ಮಾಸದ ಲೆಕ್ಕದಲ್ಲಿ ಬರುವುದರಿಂದ ಕೆಲವೊಮ್ಮೆ ಸೆಪ್ಟೆಂಬರಿಗೆ ಜಾರುತ್ತದೆ. 2025ರಲ್ಲಿ ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ ಬಿದ್ದದ್ದು ಸರಿಯಾಗಿ 15ಕ್ಕೇ. ರಥಬೀದಿಯಲ್ಲಿ ಮೊಸರುಕುಡಿಕೆ, ಊರಿಡೀ ಹುಲಿವೇಷ; ಅದನ್ನು ಬಿಟ್ಟು ಸರ್ ಎಂ.ವಿ.ಯವರ ಫೋಟೋಗೆ ಹಾರ ಹಾಕಲು ಯಾರು ಬರುತ್ತಾರೆ ಮಾರಾಯ್ರೆ?

ಉಪನ್ಯಾಸಗಳ ಕತೆಯೂ ಹಾಗೆಯೇ. ದೂರದ ಊರಿನ ಪ್ರೊಫೆಸರರು ಗಗನಚುಂಬಿಗಳ ಬಗ್ಗೆ ಸ್ಲೈಡ್ ತೋರಿಸಿದರೆ ಹಿಂದಿನ ಸಾಲು ಆಕಳಿಸುತ್ತದೆ. ಒಮ್ಮೆ ನಮ್ಮವರೇ ಒಬ್ಬರು, ಮಲ್ಪೆ ಕಡೆಯ ಹಳೇ ಮನೆಯ ಸನ್‌ಶೇಡಿನಿಂದ ಕಳಚಿದ ಕಾಂಕ್ರೀಟ್ ತುಂಡೊಂದನ್ನು ಚೀಲದಲ್ಲಿ ತಂದು ಮೇಜಿನ ಮೇಲಿಟ್ಟರು. ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ, ಮೇಲಿನ ಪದರವನ್ನು ಒಡೆದು ಹೊರಗೆ ಇಣುಕುತ್ತಿತ್ತು. ಕಡಲ ತೀರದ ಕಟ್ಟಡಕ್ಕೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಕೇಳುವ ಕವರ್, ಅಂದರೆ ಸರಳಿನ ಮೇಲಿನ ಕಾಂಕ್ರೀಟ್ ಪದರದ ದಪ್ಪ, 45 ಮಿಲಿಮೀಟರ್. ಇವರು ಸ್ಕೇಲಿಟ್ಟು ಅಳೆದು ತೋರಿಸಿದ್ದು 15. ಉಪ್ಪುಗಾಳಿಗೆ ಒಳದಾರಿ ಬಹಳ ಹತ್ತಿರವಾಗಿತ್ತು. ಆ ದಿನ ಮೇಸ್ತ್ರಿಗಳೂ ಬಂದಿದ್ದರು, ಪ್ರಶ್ನೆ ಕೇಳಿದವರೂ ಅವರೇ. ಬನ್ಸ್ ಸಾಲಲಿಲ್ಲ.

ಹೊಸಬರು ಬರುವುದಿಲ್ಲ ಎಂದು ಹಿರಿಯರ ದೂರು. ಬಂದವರನ್ನು ನಾವು ಮಾಡುವುದೇನು? ಮುಂದಿನ ಸಾಲಿನಲ್ಲಿ ಕೂರಿಸಿ ಭಾಷಣ ಕೇಳಿಸುತ್ತೇವೆ. ಇಲ್ಲವೇ ಎರಡನೇ ಸಭೆಗೇ ಹಿಡಿದು ಕಾರ್ಯದರ್ಶಿ ಮಾಡುತ್ತೇವೆ. ಎರಡಕ್ಕೂ ಅವರು ಓಡಿಹೋಗುತ್ತಾರೆ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಕರ್ಣನ ವೇಷ ಕೊಡುತ್ತಾರೆಯೇ? ಕೋಡಂಗಿ, ಬಾಲಗೋಪಾಲ ಎಂದು ಪೂರ್ವರಂಗದಲ್ಲಿ ಕುಣಿದು ಕಾಲು ಪಳಗಬೇಕು. ಸಂಘದಲ್ಲೂ ಅಂಥ ಸಣ್ಣ ವೇಷಗಳು ಬೇಕಷ್ಟಿವೆ: ಪ್ರೊಜೆಕ್ಟರಿನ ವಯರು ಹುಡುಕುವುದು, ರಸೀದಿ ಹರಿಯುವುದು, ಫೋನ್ ಮಾಡುವುದು.

ಈ ಸಲ ಫೋನಿನ ಕೆಲಸವನ್ನು ಈಚೆಗೆ ಸೇರಿದ ಹುಡುಗಿಯೊಬ್ಬಳಿಗೆ ಕೊಟ್ಟಿದ್ದಾರೆ. ಮೊನ್ನೆ ನನಗೂ ಬಂತು.

"ಸರ್, ಶನಿವಾರ ಆರು ಗಂಟೆಗೆ ಬರ್ತೀರಲ್ಲ?"

"ನೋಡುವ ಮಾರಾಯ್ತಿ, ಮಳೆ ಹೇಗೆ ಉಂಟೋ..."

"ನಿಮ್ಮನ್ನು ಕರ್ಕೊಂಡು ಬರ್ಲಿಕ್ಕೆ ಕಾರು ಹೇಳಿ ಆಗಿದೆ ಸರ್. ವಾರ್ಷಿಕ ವಂತಿಗೆ ಕೂಡ ಬಾಕಿ ಉಂಟಂತೆ, ಅದನ್ನು ಹಿಡ್ಕೊಂಡೇ ಬನ್ನಿ."