ಹಾರನ್ ಕೇಳದ ಊರಿನಿಂದ

ಅಮ್ಮ ಈಗ ಬೆಳಗಿನ ವಾಕಿಂಗನ್ನು ತಾರಸಿ ಮೇಲೆಯೇ ಮುಗಿಸುತ್ತಾರೆ. ಬೆಂಗಳೂರಿನ ನಮ್ಮ ಮನೆ ಮುಂದೆ ಫುಟ್‌ಪಾತ್ ಇದೆ. ಆದರೆ ಅದರ ಮೇಲೆ ಬೈಕುಗಳು ಓಡಾಡುತ್ತವೆ. ನಡೆಯುವವರೇ ಪಕ್ಕಕ್ಕೆ ಸರಿಯಬೇಕೆಂದು ಹಿಂದಿನಿಂದ ಹಾರನ್ ಬೇರೆ. ಹೋದ ವರ್ಷ ಒಬ್ಬ ಹುಡುಗ ಬೈಕಿನ ಕನ್ನಡಿಯನ್ನು ಅಮ್ಮನ ಮೊಣಕೈಗೆ ತಾಗಿಸಿ ಹೋದ. ನಿಲ್ಲಿಸಲೂ ಇಲ್ಲ. ಅವತ್ತಿನಿಂದ ಅಮ್ಮ ರಸ್ತೆಗೆ ಇಳಿಯುವುದನ್ನೇ ಬಿಟ್ಟರು.

ಕೆಲಸದ ಮೇಲೆ ನಾನು ಮಿಜೋರಾಂನ ಐಜ್ವಾಲ್‌ಗೆ ಬಂದು ನಾಲ್ಕು ವರ್ಷವಾಯಿತು. ಗುಡ್ಡದ ನೆತ್ತಿಯ ಮೇಲೆ ಕಟ್ಟಿದ ಊರು. ರಸ್ತೆ ಕಿರಿದು, ಕಡಿದಾದ ಏರು, ಹೆಜ್ಜೆಹೆಜ್ಜೆಗೂ ತಿರುವು. ಟ್ರಾಫಿಕ್ ಜಾಮ್ ಇಲ್ಲೂ ಆಗುತ್ತದೆ. ಆದರೆ ಕಾರುಗಳು ಒಂದರ ಹಿಂದೊಂದು ನಿಂತಿರುತ್ತವೆ, ಬೈಕು ಸ್ಕೂಟರುಗಳು ತಮ್ಮದೇ ಸಾಲಿನಲ್ಲಿ. ಎದುರಿನ ಬದಿ ಖಾಲಿ ಇದೆ ಎಂದು ನುಗ್ಗುವುದಿಲ್ಲ. ಬಂದ ಹೊಸದರಲ್ಲಿ ನಾನು ಒಮ್ಮೆ ಹಾರನ್ ಹೊಡೆದೆ. ಮುಂದಿನ ಕಾರಿನವರು ತಿರುಗಿ ನೋಡಿದರು. ಸಿಟ್ಟಿರಲಿಲ್ಲ, ಏನಾದರೂ ತೊಂದರೆಯಾಯಿತೇ ಎಂದು ಕೇಳುವಂತಿತ್ತು. ಆ ನೋಟ ಇನ್ನೂ ಮರೆತಿಲ್ಲ.

‘ಅದು ಚಿಕ್ಕ ಊರು, ಬಿಡಪ್ಪಾ’ ಎನ್ನುತ್ತಾರೆ ಗೆಳೆಯರು. ನಿಜ. 2011ರ ಜನಗಣತಿಯಲ್ಲಿ ಐಜ್ವಾಲ್ ಮೂರು ಲಕ್ಷವನ್ನೂ ಮುಟ್ಟಿರಲಿಲ್ಲ, ಬೆಂಗಳೂರು 84 ಲಕ್ಷ ದಾಟಿತ್ತು. ಆದರೆ ನಮ್ಮ ಕ್ರಾಸಿನಲ್ಲಿರುವುದು ನಲವತ್ತೇ ಮನೆ, ಅಲ್ವಾ? ಇಲ್ಲಿನ ಬಡಾವಣೆ, ಇವರು ಹೇಳುವ ‘ವೆಂಗ್’, ಅದಕ್ಕಿಂತ ಎಷ್ಟೋ ದೊಡ್ಡದು. ವೆಂಗ್‌ನವರೆಲ್ಲ ಸೇರಿ ಚರಂಡಿ ಬಳಿಯುತ್ತಾರೆ, ರಸ್ತೆ ಗುಡಿಸುತ್ತಾರೆ. ಅದಕ್ಕೆ ‘ಹ್ನಾತ್‌ಲಾಂಗ್’ ಎನ್ನುತ್ತಾರೆ. 1935ರಲ್ಲಿ ಶುರುವಾದ ಯಂಗ್ ಮಿಜೋ ಅಸೋಸಿಯೇಷನ್‌ನ ಹುಡುಗರು ಇದಕ್ಕೆ ಮುಂದೆ ನಿಲ್ಲುತ್ತಾರೆ. ಯಾರಾದರೂ ತೀರಿಕೊಂಡರೆ ಗುಂಡಿ ತೋಡಲು ಬರುವವರೂ ಅವರೇ. ನಾಳೆ ನಮ್ಮ ಕಷ್ಟಕ್ಕೆ ಬರುವವನ ಬೈಕಿಗೆ ಇವತ್ತು ಅಡ್ಡ ನುಗ್ಗಲು ಮನಸ್ಸು ಹೇಗೆ ಬಂದೀತು?

ನಮಗೂ ಇದು ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ನಗರಕ್ಕೆ ಬರುವಾಗ ಅದನ್ನು ಅಲ್ಲೇ ಬಿಟ್ಟು ಬಂದೆವು.

ನಮ್ಮ ಕ್ರಾಸಿನ ಮೂಲೆಯ ಟ್ರಾನ್ಸ್‌ಫಾರ್ಮರ್ ಕೆಳಗೆ ಸದಾ ಕಸ. ಬೆಳಿಗ್ಗೆ ಕಸದ ಆಟೋ ಬಾಗಿಲಿಗೇ ಬರುತ್ತದೆ. ಎರಡು ಡಬ್ಬ, ಒಂದು ಚೀಲ ಇಟ್ಟು ಬೇರೆ ಮಾಡಿ ಕೊಡಿ ಎಂದು ಹೈಕೋರ್ಟ್ 2015ರಲ್ಲೇ ಹೇಳಿದೆ. ಆದರೂ ಸ್ಕೂಟರಿನಲ್ಲಿ ಕಾಲ ಬಳಿ ಚೀಲ ಇಟ್ಟುಕೊಂಡು ಬಂದು, ಕತ್ತಲಲ್ಲಿ ಎಸೆದು ಹೋಗುತ್ತಾರೆ. ಗೋಡೆಗೆ ದೇವರ ಪಟ ಅಂಟಿಸಿದರು. ಒಂದು ವಾರ ನಿಂತಿತು. ಆಮೇಲೆ ಪಟದ ಕೆಳಗೇ ಚೀಲ. ಬೆಳಿಗ್ಗೆ ಅದನ್ನು ಬರಿಗೈಯಲ್ಲಿ ಬಿಡಿಸುವ ಪೌರಕಾರ್ಮಿಕ ಹೆಂಗಸಿಗೆ ಹೆಚ್ಚುಕಡಿಮೆ ನಮ್ಮ ಅಮ್ಮನ ವಯಸ್ಸು. ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದಂಡ ಜಾಸ್ತಿ ಮಾಡಲಿ ಎನ್ನುವವರಿದ್ದಾರೆ. ಸುಮ್ಸುಮ್ನೆ ಹಾರನ್ ಹೊಡೆದರೆ ಮೊದಲ ಸಲವೇ 1000 ರೂಪಾಯಿ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯೇ ಹೇಳಿತ್ತು. ಪ್ರತಿ ಕ್ರಾಸಿಗೂ ಒಬ್ಬ ಪೊಲೀಸರನ್ನು ನಿಲ್ಲಿಸಲು ಆಗುವುದಿಲ್ಲ.

ದಸರಾ ರಜೆಗೆ ಮನೆಗೆ ಹೋಗುತ್ತಿದ್ದೇನೆ. ನಲವತ್ತು ಮನೆಗೂ ಹೋಗಿ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ಟ್ರಾನ್ಸ್‌ಫಾರ್ಮರ್ ಹತ್ತಿರ ಬನ್ನಿ ಎಂದು ಕರೆಯುತ್ತೇನೆ. ಹತ್ತು ಜನ ಬಂದರೂ ಸಾಕು. ಫೋನಿನಲ್ಲಿ ಹೇಳಿದಾಗ ಅಮ್ಮ, “ಮೂಲೆ ಮನೆಯವರನ್ನು ನಾನೇ ಕರೀತೀನಿ ಕಣೋ. ಅವತ್ತು ಕೈಗೆ ತಾಗಿಸಿ ಹೋದವನು ಅವರ ಮೊಮ್ಮಗನೇ” ಎಂದರು.